ಅಕ್ಷರದ ಬುತ್ತಿ ಕಟ್ಟಿಕೊಂಡ ಕಡತ

ಮಕ್ಕಳೇ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವಿದೆ. ಅದು ಬೆಳಕಿಗೆ ಬಂದದ್ದು 1915ರಲ್ಲಿ. ಬಂಡೆಯ ಮೇಲೆ ಅಕ್ಷರಗಳ ಆಕಾರವನ್ನೇ ಕೊರೆದದ್ದರಿಂದ ಎರಡು ಸಾವಿರ ವರ್ಷಗಳ ಬಳಿಕವೂ ಅದನ್ನು ಓದಲು ಸಾಧ್ಯವಾಯಿತು.

ಕಂಪ್ಯೂಟರ್ ಹಾಗಲ್ಲ. ನಾವು ಬೆರಳಚ್ಚು ಮಾಡಿದ ಅಕ್ಷರವನ್ನು ಅದು ಸಂಖ್ಯೆಯಾಗಿ ನೆನಪಿಡುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ‘ಅ’ ಅಕ್ಷರದ ಸಂಖ್ಯೆ 3205. ಈ ಸಂಖ್ಯೆಗೆ ಆಕಾರ ಕೊಡುವುದು ಫಾಂಟ್. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರದ ಬದಲು ಖಾಲಿ ಚೌಕ ಕಾಣಿಸಬಹುದು!

ಇದಕ್ಕೆ ಪರಿಹಾರ ಪಿಡಿಎಫ್. ಇದನ್ನು ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದಿತು. ಊರಿಗೆ ಹೊರಟವರು ಬುತ್ತಿ ಕಟ್ಟಿಕೊಳ್ಳುವಂತೆ, ಈ ಕಡತವು ಅಕ್ಷರಗಳ ಆಕಾರವನ್ನೂ ತನ್ನೊಳಗೆ ಇಟ್ಟುಕೊಂಡು ಹೋಗಬಲ್ಲದು.

ಮಾಡಿ ನೋಡಿ

ನಿಮ್ಮ ಶಾಲೆಯ ಮಳೆ ಅಳತೆಯ ವರದಿಯನ್ನು ಮಾನ್ವಿ, ದೇವದುರ್ಗದ ಶಾಲೆಗಳಿಗೆ ಕಳುಹಿಸಬೇಕು ಎಂದುಕೊಳ್ಳಿ.

1. ವರದಿಯನ್ನು ಮಾರ್ಕ್‌ಡೌನ್ ಕ್ರಮದಲ್ಲಿ ಬರೆಯಿರಿ. ಸಾಲಿನ ಆರಂಭದಲ್ಲಿ # ಹಾಕಿ ಜಾಗ ಬಿಟ್ಟು ಬರೆದರೆ ಶೀರ್ಷಿಕೆ. - ಹಾಕಿ ಬರೆದರೆ ಪಟ್ಟಿ.

2. ಶಿಕ್ಷಕರ ನೆರವಿನಿಂದ, ಮಾರ್ಕ್‌ಡೌನ್ ತೋರಿಸುವ ಪುಟವನ್ನು ಬ್ರೌಸರಿನಲ್ಲಿ ತೆರೆದು ವರದಿಯನ್ನು ಅದರಲ್ಲಿ ಅಂಟಿಸಿ. # ಮಾಯವಾಗಿ ಶೀರ್ಷಿಕೆ ದೊಡ್ಡದಾಗಿ ಕಾಣುತ್ತದೆ.

3. ಪ್ರಿಂಟ್ ಒತ್ತಿ. ಪ್ರಿಂಟರಿನ ಬದಲು ‘ಪಿಡಿಎಫ್ ಆಗಿ ಉಳಿಸಿ’ ಎಂಬುದನ್ನು ಆರಿಸಿ.

4. ಕಳುಹಿಸುವ ಮುನ್ನ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಒತ್ತಕ್ಷರಗಳು ಸರಿಯಾಗಿವೆಯೇ? ಅಂಕಿಗಳು ತಮ್ಮ ಸಾಲಿನಲ್ಲೇ ಇವೆಯೇ? ಅಂಕಿ ತಪ್ಪಿದರೆ ಮೂರು ಊರುಗಳ ಮಳೆಯನ್ನು ಹೋಲಿಸಲಾಗದು.

ನೆನಪಿರಲಿ: ಪಿಡಿಎಫ್ ಅನ್ನು ತಿದ್ದುವುದು ಕಷ್ಟ. ಮುಂದಿನ ತಿಂಗಳ ಅಳತೆ ಸೇರಿಸಲು ಮೂಲ ಬರಹವೇ ಬೇಕು. ಅದನ್ನು ಅಳಿಸದೆ ಜೋಪಾನವಾಗಿಡಿ.