ರಕ್ತಪರೀಕ್ಷೆಯ ಚೀಟಿ ಮತ್ತು ‘ಸಾಮಾನ್ಯ ಮಿತಿ’

ಗೃಹಸ್ಥಾಶ್ರಮಕ್ಕೆ ಕಾಲಿರಿಸಿದ ಪ್ರತಿಯೊಂದು ದಂಪತಿಗಳ ಕೈಗೂ ಒಂದಲ್ಲ ಒಂದು ದಿನ ರಕ್ತಪರೀಕ್ಷೆಯ ಚೀಟಿ ಬಂದೇ ಬರುತ್ತದೆ. ಗರ್ಭ ನಿಂತಿತೆಂದು ತಿಳಿದೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿದಾಗ, ಜ್ವರ ಬಂದಾಗ, ಶಸ್ತ್ರಚಿಕಿತ್ಸೆಗೆ ಮುನ್ನ, ಹೀಗೆ ಹಲವು ಸಂದರ್ಭಗಳಲ್ಲಿ ವೈದ್ಯರು ರಕ್ತಪರೀಕ್ಷೆ ಮಾಡಿಸುವರು. ಆ ಚೀಟಿಯಲ್ಲಿ ಎರಡು ಸಾಲು ಅಂಕಿಗಳಿರುತ್ತವೆ. ಒಂದು ನಿಮ್ಮ ರಕ್ತದಲ್ಲಿ ಕಂಡ ಅಂಕಿ. ಪಕ್ಕದಲ್ಲಿರುವುದು ‘ಸಾಮಾನ್ಯ ಮಿತಿ’.

ಈ ಎರಡನೆಯ ಸಾಲನ್ನು ಸರಿಯಾಗಿ ಅರಿಯದೆ ಜನರು ಎರಡು ಬಗೆಯಲ್ಲಿ ತಪ್ಪುವರು. ಅಂಕಿಯು ಮಿತಿಯಿಂದ ಕೂದಲೆಳೆಯಷ್ಟು ಆಚೆ ಹೋದರೂ ಗಾಬರಿಗೊಂಡು, ಸಾಲ ಮಾಡಿ, ಊರಿಂದೂರಿಗೆ ಅಲೆಯುವವರು ಕೆಲವರು. “ನಮ್ಮ ಕಡೆ ಎಲ್ಲ ಹೆಂಗಸರಿಗೂ ಒಂಬತ್ತೇ ಇರುವುದು, ಅದಕ್ಕೇನಂತೆ” ಎಂದು ಚೀಟಿಯನ್ನು ಸೂರಿನ ಸಂದಿಗೆ ಸಿಕ್ಕಿಸಿ ಸುಮ್ಮನಾಗುವವರು ಮತ್ತೆ ಕೆಲವರು. ಮೊದಲನೆಯದರಿಂದ ಹಣ ಮತ್ತು ನೆಮ್ಮದಿಗಳು ಹಾಳಾಗುತ್ತವೆ. ಎರಡನೆಯದರಿಂದ ತಾಯಿಯ ಪ್ರಾಣಕ್ಕೇ ಅಪಾಯ ಒದಗಬಹುದು. ಆದುದರಿಂದ ಈ ಮಿತಿಯನ್ನು ಯಾರು, ಹೇಗೆ ಗೊತ್ತುಮಾಡಿದರು ಎಂಬುದನ್ನು ಪತಿ ಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ಮಿತಿಯನ್ನು ಗೊತ್ತುಮಾಡುವ ಬಗೆ

ಅರಸೀಕೆರೆಯ ಸಮೀಪದ ಮಾಲೇಕಲ್ಲು ತಿರುಪತಿಯ ಬೆಟ್ಟವನ್ನು ಈ ಸೀಮೆಯವರೆಲ್ಲರೂ ಬಲ್ಲರು. ಆರೋಗ್ಯವಂತನಾದ ವ್ಯಕ್ತಿಗೆ ಈ ಬೆಟ್ಟದ ಮೆಟ್ಟಿಲುಗಳನ್ನು ಹತ್ತಲು ಎಷ್ಟು ಹೊತ್ತು ಬೇಕು ಎಂಬ ಪ್ರಶ್ನೆ ಹುಟ್ಟಿತೆಂದು ಭಾವಿಸಿರಿ. ಇದಕ್ಕೆ ಒಂದೇ ಉತ್ತರವಿಲ್ಲ. ಆರೋಗ್ಯವಂತರಾದ ನೂರು ಜನರನ್ನು ಆರಿಸಿ, ಪ್ರತಿಯೊಬ್ಬರೂ ತೆಗೆದುಕೊಂಡ ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ಎಲ್ಲರಿಗಿಂತ ಬೇಗ ಹತ್ತಿದ ಇಬ್ಬರು ಮೂವರನ್ನೂ, ಎಲ್ಲರಿಗಿಂತ ತಡವಾಗಿ ಹತ್ತಿದ ಇಬ್ಬರು ಮೂವರನ್ನೂ ಬಿಟ್ಟು, ನಡುವೆ ಉಳಿದ ತೊಂಬತ್ತೈದು ಜನರ ವೇಳೆಯನ್ನು ನೋಡಿದರೆ, ‘ಸಾಮಾನ್ಯವಾಗಿ ಇಷ್ಟರಿಂದ ಇಷ್ಟು ಹೊತ್ತು’ ಎಂದು ಹೇಳಬಹುದು.

ರಕ್ತಪರೀಕ್ಷೆಯ ಮಿತಿಯೂ ಹೀಗೆಯೇ ಸಿದ್ಧವಾಗುತ್ತದೆ. ಆರೋಗ್ಯವಂತರನ್ನು ಆರಿಸಿ, ಒಂದೇ ವಿಧಾನದಿಂದ ಅವರ ರಕ್ತವನ್ನು ಪರೀಕ್ಷಿಸಿ, ಮೇಲಿನ ನೂರಕ್ಕೆ ಎರಡೂವರೆ ಭಾಗವನ್ನೂ ಕೆಳಗಿನ ಎರಡೂವರೆ ಭಾಗವನ್ನೂ ಬಿಟ್ಟು, ಉಳಿದ 95 ಭಾಗದ ಅಂಕಿಗಳನ್ನು ಮಿತಿಯೆಂದು ಸ್ವೀಕರಿಸುವರು. ಇಂತಹ ಕಾರ್ಯಕ್ಕೆ ಒಂದೊಂದು ಗುಂಪಿನಿಂದಲೂ ಕನಿಷ್ಠ 120 ಜನರಾದರೂ ಬೇಕೆಂಬುದು ಅಂತರರಾಷ್ಟ್ರೀಯ ತಜ್ಞರ ಸಲಹೆ. ‘ಸಾಮಾನ್ಯ’ ಎಂಬ ಪದವು ಜನರನ್ನು ದಾರಿ ತಪ್ಪಿಸುವುದೆಂದು ಕಂಡು, ಫಿನ್ಲೆಂಡ್ ದೇಶದ ಗ್ರಾಸ್‌ಬೆಕ್ ಮತ್ತು ಸಾರಿಸ್ ಎಂಬ ವಿಜ್ಞಾನಿಗಳು 1969ರಲ್ಲಿ ಇದನ್ನು ‘ಹೋಲಿಕೆಗೆ ಆಧಾರವಾದ ಮೌಲ್ಯ’ ಎಂದು ಕರೆಯಬೇಕೆಂದು ಸೂಚಿಸಿದರು. ನಿಮ್ಮ ಅಂಕಿಯನ್ನು ಆರೋಗ್ಯವಂತರ ಅಂಕಿಗಳೊಡನೆ ಹೋಲಿಸಿ ನೋಡಲು ಇರುವ ಅಳತೆಗೋಲು ಇದು ಎಂಬುದೇ ಅದರ ಅರ್ಥ.

ಇದರಿಂದ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. ಮಿತಿಯಿಂದ ಹೊರಗುಳಿದ ಆ ಐದು ಮಂದಿಯೂ ಆರೋಗ್ಯವಂತರೇ! ಎಂದರೆ, ಯಾವ ರೋಗವೂ ಇಲ್ಲದ ನೂರು ಜನರನ್ನು ಪರೀಕ್ಷಿಸಿದರೆ ಐವರ ಅಂಕಿಯು ಮಿತಿಯಿಂದ ಆಚೆ ಇರುವುದು ಸಹಜ. ಒಬ್ಬನೇ ಆರೋಗ್ಯವಂತನಿಗೆ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಒಮ್ಮೆಗೇ ಮಾಡಿಸಿದರೆ, ಅವುಗಳಲ್ಲಿ ಒಂದಾದರೂ ಮಿತಿ ಮೀರಿ ತೋರುವ ಸಂಭವವು ನೂರಕ್ಕೆ ಅರವತ್ತಕ್ಕಿಂತಲೂ ಹೆಚ್ಚು. ಆದುದರಿಂದ ಕಾರಣವಿಲ್ಲದೆ ಹತ್ತಾರು ಪರೀಕ್ಷೆಗಳನ್ನು ಮಾಡಿಸಿಕೊಂಡು, ಒಂದು ಅಂಕಿ ತುಸು ಹೆಚ್ಚು ಕಡಿಮೆಯಾದುದಕ್ಕೆ ಚಿಂತೆಗೊಳಗಾಗುವುದು ವಿವೇಕವಲ್ಲ. ವೈದ್ಯರು ರೋಗಿಯನ್ನು ನೋಡಿ, ಲಕ್ಷಣಗಳನ್ನು ಕೇಳಿ, ಅನಂತರ ಅಂಕಿಯನ್ನು ತೂಗಿ ನೋಡುವರು.

ಎಲ್ಲರಲ್ಲೂ ಇರುವುದೆಲ್ಲ ಆರೋಗ್ಯವಲ್ಲ

ಮೇಲಿನ ಉದಾಹರಣೆಯಲ್ಲಿ ‘ಆರೋಗ್ಯವಂತರಾದ ನೂರು ಜನ’ ಎಂಬ ಮಾತನ್ನು ಗಮನಿಸಿರಿ. ಬೆಟ್ಟ ಹತ್ತಿದ ನೂರು ಜನರಲ್ಲಿ ಅರ್ಧದಷ್ಟು ಮಂದಿಯ ತಲೆಯ ಮೇಲೆ ತೆಂಗಿನಕಾಯಿಯ ಮೂಟೆಯಿದ್ದರೆ, ಅವರ ವೇಳೆಯನ್ನು ಲೆಕ್ಕಕ್ಕೆ ಹಿಡಿದು ‘ಇದೇ ಸಾಮಾನ್ಯ’ ಎನ್ನುವುದು ಸರಿಯೆ? ಖಂಡಿತ ಅಲ್ಲ.

ರಕ್ತಹೀನತೆಯ ವಿಷಯದಲ್ಲಿ ನಮ್ಮ ಜನರು ಮಾಡುತ್ತಿರುವುದು ಇದೇ ತಪ್ಪು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆಯಿತ್ತು. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು! ಅತ್ತೆಗೂ ಒಂಬತ್ತು, ಓರಗಿತ್ತಿಗೂ ಒಂಬತ್ತು, ನೆರೆಮನೆಯವಳಿಗೂ ಒಂಬತ್ತು ಎಂದಾಗ ಅದು ರೂಢಿಯಾಯಿತೇ ಹೊರತು ಆರೋಗ್ಯವಾಗಲಿಲ್ಲ. ಅವರೆಲ್ಲರೂ ತಲೆಯ ಮೇಲೆ ಮೂಟೆ ಹೊತ್ತು ಬೆಟ್ಟ ಹತ್ತುತ್ತಿರುವವರು ಎಂದೇ ತಿಳಿಯಬೇಕು.

ನಮ್ಮ ದೇಶದವರಿಗೆ ಬೇರೆ ಮಿತಿ ಬೇಡವೇ?

ಇದು ನ್ಯಾಯವಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು ರಕ್ತಹೀನತೆಗೆ ಗೊತ್ತುಮಾಡಿದ ಹಳೆಯ ಅಂಕಿಗಳು 1968ರಷ್ಟು ಹಿಂದಿನವು. ಅವುಗಳಿಗೆ ಆಧಾರವಾದ ಅಧ್ಯಯನಗಳು ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳವು. ಆದುದರಿಂದ ಭಾರತದ ತಜ್ಞರು ನಮ್ಮ ಮಕ್ಕಳ ರಕ್ತವನ್ನೇ ಪರೀಕ್ಷಿಸಲು ಮುಂದಾದರು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ದೇಶದಾದ್ಯಂತ ಮಕ್ಕಳ ಮತ್ತು ಹದಿಹರೆಯದವರ ರಕ್ತವನ್ನು ತೋಳಿನ ರಕ್ತನಾಳದಿಂದ ಸಂಗ್ರಹಿಸಲಾಯಿತು. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವ ಮೊದಲಾದವುಗಳ ಕೊರತೆಯುಳ್ಳವರನ್ನೂ, ಸೋಂಕಿನ ಸೂಚನೆ ಕಂಡವರನ್ನೂ ಬಿಟ್ಟು, ನಿಜವಾಗಿ ಆರೋಗ್ಯವಂತರಾದವರ ಅಂಕಿಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ತಜ್ಞರೂ ಭಾಗಿಯಾಗಿದ್ದ ಈ ಅಧ್ಯಯನವು 2021ರಲ್ಲಿ ಪ್ರಕಟವಾಯಿತು. ಒಂದರಿಂದ ಹತ್ತೊಂಬತ್ತು ವರ್ಷದ ಭಾರತೀಯರಲ್ಲಿ ಹೆಚ್ಚಿನ ವಯಸ್ಸುಗಳಿಗೆ ಈ ಕೆಳಮಿತಿಯು ಹಳೆಯ ಅಂಕಿಗಿಂತ ಒಂದರಿಂದ ಎರಡು ಗ್ರಾಂ ಕಡಿಮೆಯಿರಬಹುದೆಂದು ಅದು ತಿಳಿಸಿತು. ಈ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ.

ಆದರೆ ಇದನ್ನು ಗರ್ಭಿಣಿಯರಿಗೆ ಅನ್ವಯಿಸಿ “ನಮಗೆ ಕಡಿಮೆಯಿದ್ದರೂ ಸಾಕು” ಎಂದು ಭಾವಿಸಕೂಡದು. ಆ ಅಧ್ಯಯನವು ಗರ್ಭಿಣಿಯರನ್ನು ಕುರಿತದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಈ ಅಂಕಿಗಳನ್ನು ಪುನಃ ಪರಿಶೀಲಿಸಿ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಇಷ್ಟಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ತಿಳಿಸಿದೆ:

ವಯಸ್ಕ ಪುರುಷರು – 13 ಗ್ರಾಂ
ಗರ್ಭಿಣಿಯಲ್ಲದ ಸ್ತ್ರೀಯರು – 12 ಗ್ರಾಂ
ಗರ್ಭದ ಮೊದಲ ಮೂರು ತಿಂಗಳು – 11 ಗ್ರಾಂ
ಗರ್ಭದ ನಡುವಿನ ಮೂರು ತಿಂಗಳು – 10.5 ಗ್ರಾಂ
ಗರ್ಭದ ಕೊನೆಯ ಮೂರು ತಿಂಗಳು – 11 ಗ್ರಾಂ
ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳು – 10.5 ಗ್ರಾಂ
ಎರಡರಿಂದ ಐದು ವರ್ಷದೊಳಗಿನ ಮಕ್ಕಳು – 11 ಗ್ರಾಂ

ಎತ್ತರದ ಪ್ರದೇಶಗಳಲ್ಲಿ ಗಾಳಿಯಲ್ಲಿನ ಆಮ್ಲಜನಕ ವಿರಳವಾದುದರಿಂದ ಅಲ್ಲಿನವರ ರಕ್ತದಲ್ಲಿ ಹಿಮೋಗ್ಲೋಬಿನ್ ತುಸು ಹೆಚ್ಚಿರಬೇಕಾಗುತ್ತದೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಸೀಮೆಯು ಸಮುದ್ರಮಟ್ಟದಿಂದ ಐನೂರು ಮೀಟರಿಗಿಂತ ಎತ್ತರದಲ್ಲಿದೆ. ಆದುದರಿಂದ ಗೆರೆಯ ಮೇಲೆಯೇ ನಿಂತ ಅಂಕಿಯನ್ನು ನಂಬಿ ಇಲ್ಲಿನವರು ಮಾತ್ರೆ ಬಿಡುವುದು ತರವಲ್ಲ.

ಗರ್ಭಿಣಿಗೆ ಬೇರೆ ಮಿತಿ ಏಕೆ?

ಗಟ್ಟಿ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡಿದಂತೆ, ಗರ್ಭಿಣಿಯ ದೇಹದಲ್ಲಿ ರಕ್ತದ ನೀರಿನಂಶವು ನೂರಕ್ಕೆ ನಲವತ್ತರಿಂದ ಐವತ್ತರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳೂ ಹೆಚ್ಚುತ್ತವೆಯಾದರೂ ಅಷ್ಟು ಹೆಚ್ಚುವುದಿಲ್ಲ. ಆದ್ದರಿಂದ ಆರೋಗ್ಯವಂತಳಾದ ಗರ್ಭಿಣಿಯಲ್ಲಿಯೂ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುತ್ತದೆ. ಹಾಗೆಯೇ ಬಿಳಿಯ ರಕ್ತಕಣಗಳ ಸಂಖ್ಯೆ ಗರ್ಭಕಾಲದಲ್ಲಿ ಏರುತ್ತದೆ; ಮೂತ್ರಪಿಂಡದ ಪರೀಕ್ಷೆಯಾದ ಕ್ರಿಯಾಟಿನಿನ್ ಅಂಕಿ ಇಳಿಯುತ್ತದೆ. ಚೀಟಿಯಲ್ಲಿ ಮುದ್ರಿಸಿರುವುದು ಅನೇಕ ವೇಳೆ ಗರ್ಭಿಣಿಯಲ್ಲದವರ ಮಿತಿ. ಆದುದರಿಂದ ಪರೀಕ್ಷೆಗೆ ಹೋದಾಗ ಗರ್ಭಿಣಿಯೆಂದೂ, ಎಷ್ಟನೆಯ ತಿಂಗಳೆಂದೂ ತಪ್ಪದೆ ತಿಳಿಸಬೇಕು.

ಒಂದು ಪ್ರಯೋಗಶಾಲೆಯ ಅಂಕಿಯು ಇನ್ನೊಂದರ ಅಂಕಿಯೊಡನೆ ತಾಳೆಯಾಗದಿರುವುದೂ ಉಂಟು. ಯಂತ್ರ ಮತ್ತು ವಿಧಾನಗಳು ಬೇರೆಯಾದರೆ ಮಿತಿಯೂ ಬೇರೆಯಾಗಬಹುದು. ಬೆರಳನ್ನು ಚುಚ್ಚಿ ತೆಗೆದ ಹನಿರಕ್ತಕ್ಕೂ ತೋಳಿನ ರಕ್ತನಾಳದಿಂದ ತೆಗೆದ ರಕ್ತಕ್ಕೂ ವ್ಯತ್ಯಾಸ ಬರಬಹುದು. ಬೆರಳನ್ನು ಒತ್ತಿ ಹಿಂಡಿದರೆ ಅಂಕಿ ಕೆಡುತ್ತದೆ. ಸಾಧ್ಯವಾದಷ್ಟೂ ಒಂದೇ ಕಡೆ ಪರೀಕ್ಷೆ ಮಾಡಿಸಿ, ಚೀಟಿಗಳನ್ನು ತಾಯಿ ಕಾರ್ಡಿನೊಡನೆ ಕ್ರಮವಾಗಿ ಇಟ್ಟುಕೊಳ್ಳಿರಿ. ಒಂದು ಅಂಕಿಗಿಂತ ಅಂಕಿಗಳ ಏರಿಳಿತವು ವೈದ್ಯರಿಗೆ ಹೆಚ್ಚು ವಿಷಯ ತಿಳಿಸುತ್ತದೆ.

ಮೀರಬಾರದ ಗೆರೆಗಳು

ಜನರನ್ನು ಎಣಿಸಿ ಗೊತ್ತುಮಾಡಿದ ಮಿತಿಗಳು ಒಂದು ಬಗೆ. ಇಷ್ಟನ್ನು ಮೀರಿದರೆ ಹಾನಿ ಸಂಭವಿಸುವುದೆಂದೋ, ಚಿಕಿತ್ಸೆ ಅಗತ್ಯವೆಂದೋ ಅನುಭವದಿಂದ ಕಂಡು ಎಳೆದ ಗೆರೆಗಳು ಇನ್ನೊಂದು ಬಗೆ. ಈ ಎರಡನೆಯ ಬಗೆಯವನ್ನು ಎಂದಿಗೂ ಕಡೆಗಣಿಸಬಾರದು.

ಗರ್ಭಿಣಿಯ ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಕಡಿಮೆಯಾದರೆ ಅದು ತೀವ್ರ ರಕ್ತಹೀನತೆ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗುವುದು ಅಪರೂಪವಲ್ಲ. ಆರೋಗ್ಯವಂತಳು ಅದನ್ನು ತಾಳಿಕೊಳ್ಳುವಳು. ಮೊದಲೇ ರಕ್ತವಿಲ್ಲದವಳಿಗೆ ಅಷ್ಟೇ ಪ್ರಾಣಾಪಾಯ ತರಬಹುದು. ಕೂಸು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆಯಿರುವ ಸಂಭವವೂ ಹೆಚ್ಚು. ನಿತ್ಯವೂ ಸಲೀಸಾಗಿ ನಡೆಯುತ್ತಿದ್ದವಳು ಏರು ಹತ್ತುವಾಗ ನಡುವೆ ಕುಳಿತುಕೊಳ್ಳಬೇಕಾಗುವುದು, ಏದುಸಿರು, ಎದೆಬಡಿತ, ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಕಾಲು ಊದುವುದು, ಇವು ಕಂಡಲ್ಲಿ ಕೂಡಲೇ ಪರೀಕ್ಷೆ ಮಾಡಿಸಬೇಕು.

ಸಕ್ಕರೆಯ ಗೆರೆಯೂ ಇಂತಹುದೇ. ಗರ್ಭಿಣಿಗೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿಸಿ, ಎರಡು ಗಂಟೆಗಳ ಅನಂತರ ಪರೀಕ್ಷಿಸಿದಾಗ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಕಾಲದ ಸಕ್ಕರೆ ಕಾಯಿಲೆಯೆಂದು ಪರಿಗಣಿಸುವರು. ಇತರ ವಯಸ್ಕರಲ್ಲಿ ಬರಿಹೊಟ್ಟೆಯ ಸಕ್ಕರೆ 126 ಮಿಲಿಗ್ರಾಂ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಅದು ಸಕ್ಕರೆ ಕಾಯಿಲೆ.

ದಂಪತಿಗಳ ಕರ್ತವ್ಯ

ರಕ್ತಹೀನತೆಯ ವಿರುದ್ಧ ಸರ್ಕಾರದ ಕಾರ್ಯಕ್ರಮವು 1970ರಿಂದಲೂ ನಡೆದುಬಂದಿದೆ. 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ ಎಂಬ ಹೆಸರಿನಲ್ಲಿ ಅದನ್ನು ವಿಸ್ತರಿಸಲಾಯಿತು. ಗರ್ಭದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಕೆಂಪು ಮಾತ್ರೆಯನ್ನು ಉಚಿತವಾಗಿ ಕೊಡಲಾಗುತ್ತದೆ. ರಕ್ತಹೀನತೆ ಕಂಡುಬಂದರೆ ವೈದ್ಯರು ದಿನಕ್ಕೆ ಎರಡು ಮಾತ್ರೆ ಸೂಚಿಸುವರು. ಮಾತ್ರೆ ನುಂಗಿದಾಗ ಮಲವು ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ಮಾತ್ರೆಯನ್ನು ಬಿಡಬಾರದು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಬಹುದು. ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಚಹಾ ಬೇಡ. ಜಂತುಹುಳುವಿನ ಮಾತ್ರೆಯನ್ನು ವೈದ್ಯರು ಹೇಳಿದಾಗ ತೆಗೆದುಕೊಳ್ಳಬೇಕು.

ಮೊಳಕೆ ಕಟ್ಟಿದ ಹುರುಳಿ, ಹೆಸರು, ರಾಗಿ, ದಂಟು ಮತ್ತು ನುಗ್ಗೆಯ ಸೊಪ್ಪು, ಅಭ್ಯಾಸವಿದ್ದವರಿಗೆ ಮೊಟ್ಟೆ, ಮಾಂಸ, ಇವೆಲ್ಲವೂ ಒಳ್ಳೆಯವು. ಜೊತೆಗೆ ನಿಂಬೆ, ನೆಲ್ಲಿ, ಸೀಬೆಹಣ್ಣು ಸೇವಿಸಿದರೆ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಆದರೆ ರಕ್ತಹೀನತೆ ಬಂದ ಮೇಲೆ ಆಹಾರವೊಂದರಿಂದಲೇ ಅದು ನೀಗುವುದಿಲ್ಲ, ಮಾತ್ರೆಯೂ ಬೇಕು.

ಒಂದು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟಾದರೂ ಏರಬೇಕು. ಏರದಿದ್ದಲ್ಲಿ ಬೇರೆ ಕಾರಣವಿರಬಹುದಾದ್ದರಿಂದ ವೈದ್ಯರನ್ನು ಮತ್ತೆ ಕಾಣಬೇಕು. ಇಲ್ಲಿ ಪತಿಯ ಪಾತ್ರ ಹಿರಿದು. ಪತ್ನಿಯೊಡನೆ ಪರೀಕ್ಷೆಗೆ ಹೋಗುವುದು, ಚೀಟಿಯ ಅಂಕಿಯನ್ನು ಕೇಳಿ ತಿಳಿಯುವುದು, ಮಾತ್ರೆಯನ್ನು ನೆನಪಿಸುವುದು, ಎಲ್ಲರೂ ಉಂಡು ಮಿಕ್ಕಿದ್ದನ್ನು ಉಣ್ಣುವ ರೂಢಿಯನ್ನು ತಪ್ಪಿಸಿ ಆಕೆಯನ್ನು ಜೊತೆಯಲ್ಲಿಯೇ ಊಟಕ್ಕೆ ಕೂಡಿಸುವುದು, ಇವು ಅವನ ಕರ್ತವ್ಯಗಳು. ಹೆರಿಗೆಯಿಂದ ಹೆರಿಗೆಗೆ ಮೂರು ವರ್ಷಗಳ ಅಂತರವಿದ್ದರೆ ತಾಯಿಯ ದೇಹವು ಕಳೆದುಕೊಂಡ ಕಬ್ಬಿಣಾಂಶವನ್ನು ತುಂಬಿಕೊಳ್ಳಲು ಅವಕಾಶ ದೊರೆಯುತ್ತದೆ.

ನೆನಪಿನಲ್ಲಿಡಬೇಕಾದ ಅಂಶಗಳು

1. ಸಾಮಾನ್ಯ ಮಿತಿಯೆಂಬುದು ಆರೋಗ್ಯವಂತರ ಅಂಕಿಗಳೊಡನೆ ಹೋಲಿಸುವ ಅಳತೆಗೋಲು. ತುಸು ಆಚೀಚೆಯಾದುದೆಲ್ಲ ರೋಗವಲ್ಲ.
2. ಊರಿನಲ್ಲೆಲ್ಲ ಕಾಣುವ ಅಂಕಿಯೇ ಆರೋಗ್ಯದ ಅಂಕಿಯಲ್ಲ.
3. ಪುರುಷ, ಸ್ತ್ರೀ, ಗರ್ಭಿಣಿ, ಮಗು, ಒಬ್ಬೊಬ್ಬರಿಗೂ ಬೇರೆ ಮಿತಿಯುಂಟು.
4. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ವೈದ್ಯರ ಸಲಹೆ ಪಡೆಯಿರಿ. 7ಕ್ಕಿಂತ ಇಳಿದರೆ ಅಂದೇ ಆಸ್ಪತ್ರೆಗೆ ಹೊರಡಿರಿ.
5. ಹಳೆಯ ಚೀಟಿಗಳನ್ನು ಎಸೆಯದಿರಿ.

ನಿಮ್ಮ ಮನೆಯಲ್ಲಿ ಈಗ ಗರ್ಭಿಣಿಯಿದ್ದಲ್ಲಿ, ಆಕೆಯ ತಾಯಿ ಕಾರ್ಡನ್ನು ಇಂದೇ ತೆರೆದು ಹಿಮೋಗ್ಲೋಬಿನ್ ಎಷ್ಟಿದೆಯೆಂದು ನೋಡಿರಿ. ಅಂಕಿ ಬರೆದಿಲ್ಲದಿದ್ದರೆ, ಇಲ್ಲವೆ ಬರೆದು ತಿಂಗಳು ಮೀರಿದ್ದರೆ, ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕಂಡು ಪರೀಕ್ಷೆ ಮಾಡಿಸಿರಿ.