ಹಿತ್ತಲ ಗಿಡವೂ ಮದ್ದೇ: ದೋಹಾದ ವೈದ್ಯಕೀಯ ಸಂಶೋಧನೆ ಮತ್ತು ನಾವು



"ಹಿತ್ತಲ ಗಿಡ ಮದ್ದಲ್ಲ" ಎಂಬುದು ನಮ್ಮ ಹಿರಿಯರ ಗಾದೆ. ಮನೆಯ ಹಿಂದೆಯೇ ಬೆಳೆದದ್ದಕ್ಕೆ ಬೆಲೆ ಕಡಿಮೆ, ದೂರದಿಂದ ತಂದದ್ದಕ್ಕೆ ಹೆಚ್ಚು. ವೈದ್ಯಕೀಯ ಸಂಶೋಧನೆಯ ವಿಷಯದಲ್ಲೂ ನಾವು ಹೀಗೆಯೇ. ಅಮೆರಿಕದಲ್ಲಿ ಏನೋ ಕಂಡುಹಿಡಿದರಂತೆ, ಇಂಗ್ಲೆಂಡಿನವರು ಏನೋ ಹೇಳಿದರಂತೆ ಎಂದು ಮಾತನಾಡಿಕೊಳ್ಳುತ್ತೇವೆ. ಆದರೆ ನಾವು ಹೆಲ್ತ್ ಕಾರ್ಡ್ ಹಿಡಿದು ಹೋಗುವ ಇದೇ ದೋಹಾದಲ್ಲಿ, ಜಗತ್ತಿನ ವೈದ್ಯರೆಲ್ಲ ಓದಿದ ಅಧ್ಯಯನಗಳು ನಡೆದಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಈ ಲೇಖನಕ್ಕೆ ಕಾರಣವಾದದ್ದು ಒಂದು ಫೋನ್ ಕರೆ. ನಮ್ಮ ಬಳಗದ ಹಿರಿಯರೊಬ್ಬರು ಶುಗರ್ ತಪಾಸಣೆಗೆ ಹೋಗಿದ್ದಾಗ, ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿ ಕೆಲವು ಪುಟಗಳ ಕಾಗದ ಕೊಟ್ಟರಂತೆ. ರಾತ್ರಿ ನಮಗೆ ಫೋನ್ ಮಾಡಿ, "ನಮ್ಮನ್ನು ಪ್ರಯೋಗದ ಇಲಿ ಮಾಡ್ತಾರೇನ್ರೀ? ಸಹಿ ಹಾಕದಿದ್ದರೆ ಔಷಧಿ ನಿಲ್ಲಿಸಿಬಿಟ್ಟರೆ?" ಎಂದು ಕೇಳಿದರು. ನಾವು ವೈದ್ಯರಲ್ಲ. ಆದರೂ ಅವರ ಜೊತೆ ಕುಳಿತು ಆ ಕಾಗದವನ್ನು ಓದಿದೆವು. ಆಗ ಕಲಿತದ್ದನ್ನು, ಆಮೇಲೆ ಹುಡುಕಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಅಧ್ಯಯನ ಎಂದರೇನು?

ಒಬ್ಬರಿಗೆ ಕಷಾಯ ಕುಡಿದು ಕೆಮ್ಮು ವಾಸಿಯಾಯಿತು ಎನ್ನೋಣ. ವಾಸಿಯಾದದ್ದು ಕಷಾಯದಿಂದಲೋ, ತಾನಾಗಿಯೋ? ಒಬ್ಬರನ್ನೇ ನೋಡಿದರೆ ಹೇಳಲಾಗದು. ಕುಡಿದವರನ್ನೂ ಕುಡಿಯದವರನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗಿನ ವೈದ್ಯರು ಇದನ್ನೇ ಮಾಡಿದರು. ಸ್ಕರ್ವಿ ಕಾಯಿಲೆಯ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಪ್ರತಿ ಜೋಡಿಗೂ ಬೇರೆ ಬೇರೆ ಉಪಚಾರ ಮಾಡಿದರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು.

ಇಂದಿನ ಪದ್ಧತಿಯಲ್ಲಿ ಇನ್ನೊಂದು ಎಚ್ಚರಿಕೆ ಸೇರಿದೆ. ಯಾರು ಯಾವ ಗುಂಪಿಗೆ ಎಂಬುದನ್ನು ವೈದ್ಯರೂ ಆರಿಸುವುದಿಲ್ಲ, ರೋಗಿಯೂ ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಅದು ತೀರ್ಮಾನವಾಗುತ್ತದೆ. ಇಲ್ಲದಿದ್ದರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಲೆಕ್ಕ ತಪ್ಪಬಹುದು.

ನಾವಿಲ್ಲದ ಒಂದು ಅಧ್ಯಯನ

ಕತಾರಿನ ಸರ್ಕಾರಿ ಆಸ್ಪತ್ರೆಗಳ ಬೆನ್ನೆಲುಬಾದ ಹಮದ್ ಮೆಡಿಕಲ್ ಕಾರ್ಪೊರೇಷನ್ ಸ್ಥಾಪನೆಯಾದದ್ದು 1979ರಲ್ಲಿ. ಇಲ್ಲಿನ ವೈದ್ಯರು ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರ ಜೊತೆ ಸೇರಿ ಹಲವು ಅಧ್ಯಯನಗಳನ್ನು ನಡೆಸಿದ್ದಾರೆ. ಅವುಗಳಲ್ಲಿ ನಮ್ಮ ಪ್ರತಿ ಮನೆಗೂ ಸಂಬಂಧಪಟ್ಟದ್ದು "ಡಯಾಡೆಮ್-1" ಎಂಬ ಮಧುಮೇಹದ ಅಧ್ಯಯನ. ಪ್ರೊಫೆಸರ್ ಶಹ್ರಾದ್ ತಹೇರಿ ಇದರ ಮುಂದಾಳು. ಫಲಿತಾಂಶ 2020ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಒಮ್ಮೆ ಶುಗರ್ ಬಂದರೆ ಜೀವನಪೂರ್ತಿ ಮಾತ್ರೆ ಎಂದೇ ನಾವೆಲ್ಲ ನಂಬಿದ್ದೇವೆ. ಆದರೆ ಕಾಯಿಲೆ ಶುರುವಾದ ಹೊಸದರಲ್ಲೇ ತೂಕವನ್ನು ಚೆನ್ನಾಗಿ ಇಳಿಸಿದರೆ ಶುಗರ್ ಹಿಂದಕ್ಕೆ ಸರಿಯುವುದೇ? ಇದು ಅವರ ಪ್ರಶ್ನೆ. ಕತಾರಿನಲ್ಲಿ ವಾಸಿಸುವ, 18ರಿಂದ 50 ವರ್ಷದ, ಮಧುಮೇಹ ಬಂದು 3 ವರ್ಷ ಮೀರದ, ತೂಕ ಹೆಚ್ಚಿರುವ 158 ಮಂದಿಯನ್ನು 2017 ಮತ್ತು 2018ರಲ್ಲಿ ಸೇರಿಸಿಕೊಂಡರು. ತಲಾ 79 ಮಂದಿಯ ಎರಡು ಗುಂಪು. ಒಂದು ಗುಂಪಿಗೆ ಎಂದಿನ ಒಳ್ಳೆಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಮೊದಲ 12 ವಾರ ಮಾಮೂಲು ಊಟದ ಬದಲು ದಿನಕ್ಕೆ ಸುಮಾರು 800 ಕ್ಯಾಲೊರಿಯ ಸಿದ್ಧ ಆಹಾರ, ನಂತರದ 12 ವಾರಗಳಲ್ಲಿ ಹಂತ ಹಂತವಾಗಿ ಮನೆಯೂಟ, ಜೊತೆಗೆ ನಡಿಗೆ, ವ್ಯಾಯಾಮ ಮತ್ತು ಸಲಹೆ.

ಒಂದು ವರ್ಷದ ನಂತರ ನೋಡಿದಾಗ, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ತೂಕ ಸರಾಸರಿ 4 ಕಿಲೋ ಇಳಿದಿತ್ತು, ಇನ್ನೊಂದರಲ್ಲಿ 12 ಕಿಲೋ. ಮಾತ್ರೆಯಿಲ್ಲದೆಯೇ ಶುಗರ್ ಮಧುಮೇಹದ ಮಟ್ಟಕ್ಕಿಂತ ಕೆಳಗಿದ್ದವರು ಮೊದಲ ಗುಂಪಿನಲ್ಲಿ ಶೇ. 12, ಎರಡನೆಯದರಲ್ಲಿ ಶೇ. 61. ಇದಕ್ಕೂ ಮೊದಲು, 2017ರಲ್ಲಿ ಪ್ರಕಟವಾದ ಬ್ರಿಟನ್ನಿನ "ಡೈರೆಕ್ಟ್" ಅಧ್ಯಯನದಲ್ಲಿ ಈ ಅಂಕಿ ಶೇ. 46 ಆಗಿತ್ತು.

ಇದನ್ನು ಓದಿ ನಾಳೆಯಿಂದಲೇ ಅನ್ನ ಬಿಡುತ್ತೇವೆ ಎಂದು ಹೊರಡಬೇಡಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಿದರೆ, ಶುಗರ್ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ. ಅಧ್ಯಯನದಲ್ಲಿ ಇದ್ದವರ ಮೇಲೆ ವೈದ್ಯರ ನಿಗಾ ಇತ್ತು. ಹಿಂದೆ ಸರಿದ ಶುಗರ್ ತೂಕ ಏರಿದರೆ ಮತ್ತೆ ಬರಬಹುದು ಎಂಬುದೂ ನೆನಪಿರಲಿ.

ಇನ್ನೊಂದು ಸಂಗತಿಯನ್ನು ಗಮನಿಸಿ. ಈ 158 ಮಂದಿಯಲ್ಲಿ ಭಾರತೀಯರು ಇರಲಿಲ್ಲ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗಾಗಿಯೇ ಈ ಅಧ್ಯಯನ ರೂಪುಗೊಂಡಿತ್ತು. ಇದು ತಪ್ಪಲ್ಲ, ಯೂರೋಪಿನ ಲೆಕ್ಕ ತಮ್ಮ ಜನಕ್ಕೆ ಒಪ್ಪುವುದೇ ಎಂದು ತಿಳಿಯುವುದೇ ಅವರ ಉದ್ದೇಶವಾಗಿತ್ತು. ಆದರೆ ಅದೇ ಪ್ರಶ್ನೆ ನಮಗೂ ಇದೆ. ನಾವು ಬೇಗ ಶುಗರ್‌ಗೆ ತುತ್ತಾಗುವವರು. ತೂಕ ಹೆಚ್ಚಿಲ್ಲದವರಿಗೂ, ಹೊಟ್ಟೆ ಮಾತ್ರ ಮುಂದೆ ಬಂದವರಿಗೂ ನಮ್ಮಲ್ಲಿ ಶುಗರ್ ಬರುತ್ತದೆ. ಶೇ. 61 ಎಂಬ ಅಂಕಿ ನಮಗೂ ಹಾಗೆಯೇ ಅನ್ವಯಿಸುತ್ತದೆ ಎಂದು ಈ ಅಧ್ಯಯನವೊಂದರಿಂದಲೇ ಹೇಳಲಾಗದು. ಸೇರಿದವರ ಬಗ್ಗೆ ಮಾತ್ರ ಅಧ್ಯಯನ ಖಚಿತವಾಗಿ ಮಾತನಾಡುತ್ತದೆ.

ನಾವಿದ್ದ ಒಂದು ಅಧ್ಯಯನ

ಈಗ ಇನ್ನೊಂದು ಉದಾಹರಣೆ. ಕೋವಿಡ್ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಮೂಗಿಗೆ ಕಡ್ಡಿ ಹಾಕಿಸಿಕೊಂಡದ್ದು, ಲಸಿಕೆಗೆ ಕಾದದ್ದು, ಊರಿನಲ್ಲಿ ಅಪ್ಪ ಅಮ್ಮ ಮಲಗಿದಾಗ ಹೋಗಲಾಗದೆ ಇಲ್ಲಿ ಕಣ್ಣೀರು ಹಾಕಿದ್ದು. ಆ ಪರೀಕ್ಷೆಗಳ ಮತ್ತು ಲಸಿಕೆಗಳ ದಾಖಲೆ ಒಂದೇ ಕಡೆ ಇದ್ದುದರಿಂದ, ಪ್ರೊಫೆಸರ್ ಲೈತ್ ಅಬು ರದ್ದಾದ್ ಅವರ ತಂಡ ಮತ್ತು ಹಮದ್ ವೈದ್ಯರು ಒಂದು ದೊಡ್ಡ ಪ್ರಶ್ನೆಗೆ ಉತ್ತರ ಹುಡುಕಿದರು. ರೂಪ ಬದಲಿಸಿದ ವೈರಸ್ ಮೇಲೂ ಲಸಿಕೆ ಕೆಲಸ ಮಾಡುತ್ತದೆಯೇ?

ಪಾಸಿಟಿವ್ ಬಂದವರಲ್ಲಿ ಎಷ್ಟು ಮಂದಿ ಲಸಿಕೆ ಪಡೆದಿದ್ದರು, ನೆಗೆಟಿವ್ ಬಂದವರಲ್ಲಿ ಎಷ್ಟು ಮಂದಿ ಎಂದು ಹೋಲಿಸಿದರು. 2021ರ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಉತ್ತರ ಪ್ರಕಟವಾಯಿತು. ಫೈಜರ್ ಲಸಿಕೆಯ ಎರಡು ಡೋಸ್ ಆಗಿ 14 ದಿನ ಕಳೆದವರಿಗೆ, ಆಲ್ಫಾ ರೂಪದ ಸೋಂಕಿನಿಂದ ಶೇ. 89.5, ಬೀಟಾ ರೂಪದಿಂದ ಶೇ. 75 ರಕ್ಷಣೆ. ತೀವ್ರ ಕಾಯಿಲೆಯಿಂದ ಶೇ. 97.4 ರಕ್ಷಣೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಪ್ರಕಟವಾದ ಇನ್ನೊಂದು ಲೇಖನದಲ್ಲಿ, ಸೋಂಕಿನ ವಿರುದ್ಧದ ರಕ್ಷಣೆ ಮೊದಲ ತಿಂಗಳಲ್ಲಿ ಶೇ. 77.5 ಇದ್ದದ್ದು ಐದರಿಂದ ಏಳನೇ ತಿಂಗಳ ಹೊತ್ತಿಗೆ ಸುಮಾರು ಶೇ. 20ಕ್ಕೆ ಇಳಿಯುತ್ತದೆ, ಆದರೆ ತೀವ್ರ ಕಾಯಿಲೆಯಿಂದ ರಕ್ಷಣೆ ಆರು ತಿಂಗಳು ಗಟ್ಟಿಯಾಗಿ ಉಳಿಯುತ್ತದೆ ಎಂದು ಕಂಡುಬಂತು. ಬೂಸ್ಟರ್ ಬೇಕೇ ಬೇಡವೇ ಎಂದು ದೇಶದೇಶಗಳು ಯೋಚಿಸುತ್ತಿದ್ದ ಸಮಯ ಅದು.

ಆ ಅಂಕಿಗಳ ಹಿಂದೆ ಈ ದೇಶದ ನಿವಾಸಿಗಳೆಲ್ಲ ಇದ್ದಾರೆ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಿನಲ್ಲಿದ್ದ ನಮ್ಮ ಹುಡುಗರೂ, ಆಸ್ಪತ್ರೆಗಳಲ್ಲಿ ದುಡಿದ ನಮ್ಮ ನರ್ಸ್ ಸೋದರಿಯರೂ ಇದ್ದಾರೆ. ಇಲ್ಲಿ ಯಾರಿಗೂ ಹೊಸ ಔಷಧಿ ಕೊಡಲಿಲ್ಲ, ಇದ್ದ ದಾಖಲೆಗಳನ್ನು ಓದಿದರು ಅಷ್ಟೆ. ಇಂಥ ಅಧ್ಯಯನಕ್ಕೆ ಒಬ್ಬೊಬ್ಬರ ಸಹಿ ಕೇಳುವುದಿಲ್ಲ. ಬದಲಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಈ ಲೇಖನವನ್ನೂ ಎಚ್ಚರದಿಂದಲೇ ಓದಬೇಕು. ಕತಾರಿನಲ್ಲಿ 50 ದಾಟಿದವರು ಆಗ ಸುಮಾರು ಶೇ. 9 ಮಾತ್ರ. ಆದ್ದರಿಂದ ವೃದ್ಧರು ಹೆಚ್ಚಿರುವ ದೇಶಕ್ಕೆ ಈ ಲೆಕ್ಕ ಪೂರ್ತಿ ಒಪ್ಪದೆ ಇರಬಹುದು.

ನಮ್ಮವರು ಸೇರಿದ್ದರಿಂದ ತಿಳಿದದ್ದು

ನಾಡಿನ ಕಡೆಯ ಒಂದು ಉದಾಹರಣೆಯನ್ನೂ ಹೇಳಬೇಕು. 52 ದೇಶಗಳಲ್ಲಿ ನಡೆದ "ಇಂಟರ್‌ಹಾರ್ಟ್" ಎಂಬ ಹೃದಯಾಘಾತದ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 5 ದೇಶಗಳ ರೋಗಿಗಳೂ ಇದ್ದರು. ಅವರ ಬಗೆಗಿನ ಲೇಖನ 2007ರಲ್ಲಿ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಅದರ ಲೇಖಕರಲ್ಲಿ ಒಬ್ಬರು. ಮೊದಲ ಹೃದಯಾಘಾತವಾದವರ ಸರಾಸರಿ ವಯಸ್ಸು ಬೇರೆ ದೇಶದವರಲ್ಲಿ 58.8 ಇದ್ದರೆ ನಮ್ಮ ಕಡೆಯವರಲ್ಲಿ 53. ಸುಮಾರು ಆರು ವರ್ಷ ಮುಂಚೆ! ಮಗಳ ಮದುವೆ, ಮನೆಯ ಸಾಲ, ಮಗನ ಕಾಲೇಜು ಎಲ್ಲವೂ ಬಾಕಿ ಇರುವ ವಯಸ್ಸು. ಇದಕ್ಕೆ ಕಾರಣ ಹಣೆಬರಹವಲ್ಲ, ಬಹುಪಾಲು ಧೂಮಪಾನ, ಬಿಪಿ, ಶುಗರ್, ಕೊಲೆಸ್ಟರಾಲ್, ವ್ಯಾಯಾಮವಿಲ್ಲದಿರುವುದು ಮೊದಲಾದ ತಡೆಯಬಹುದಾದ ಸಂಗತಿಗಳು ಎಂದೂ ಅದರಿಂದ ತಿಳಿಯಿತು. ನಮ್ಮವರು ಸೇರದಿದ್ದರೆ ಇದು ನಮಗೆ ತಿಳಿಯುತ್ತಿರಲಿಲ್ಲ.

ಸಹಿ ಹಾಕುವ ಮುನ್ನ

1964ರ ಹೆಲ್ಸಿಂಕಿ ಘೋಷಣೆಯಿಂದ ಈಚೆಗೆ, ರೋಗಿಯ ಹಿತ ಮೊದಲು, ಸಂಶೋಧನೆ ಆಮೇಲೆ ಎಂಬುದು ವೈದ್ಯಲೋಕ ಒಪ್ಪಿದ ನಿಯಮ. ಯಾರಾದರೂ ನಿಮ್ಮನ್ನು ಅಧ್ಯಯನಕ್ಕೆ ಸೇರಲು ಕೇಳಿದರೆ ಸಂಕೋಚಪಡದೆ ಈ ಪ್ರಶ್ನೆಗಳನ್ನು ಕೇಳಿ:

1. ಈ ಅಧ್ಯಯನದಿಂದ ನೀವು ಏನನ್ನು ತಿಳಿಯಲು ಹೊರಟಿದ್ದೀರಿ?
2. ನನಗೆ ಹೊಸ ಔಷಧಿ ಕೊಡುತ್ತೀರಾ, ಅಥವಾ ರಕ್ತ ಮತ್ತು ದಾಖಲೆ ಮಾತ್ರ ಸಾಕೇ?
3. ಇದರಿಂದ ಆಗಬಹುದಾದ ತೊಂದರೆಗಳೇನು? ಆದರೆ ಯಾರನ್ನು ಕಾಣಬೇಕು, ಖರ್ಚು ಯಾರದು?
4. ಬೇಡ ಎಂದರೆ, ಅಥವಾ ನಡುವೆ ಬಿಟ್ಟರೆ, ಈಗಿನ ಚಿಕಿತ್ಸೆ ಹಾಗೆಯೇ ಮುಂದುವರಿಯುವುದೇ?
5. ನನ್ನ ಹೆಸರು, ವಿವರ ಯಾರ ಕೈಗೆ ಹೋಗುತ್ತದೆ? ಕಂಪನಿಗೆ ತಿಳಿಯುತ್ತದೆಯೇ?
6. ನೈತಿಕ ಸಮಿತಿ ಒಪ್ಪಿದೆಯೇ?

ನಾಲ್ಕನೇ ಪ್ರಶ್ನೆಗೆ ಉತ್ತರ "ಹೌದು" ಎಂದೇ ಇರಬೇಕು. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ. ಅರ್ಥ ಮಾಡಿಸಿ ಎಂದು ಕೇಳುವುದು ನಿಮ್ಮ ಹಕ್ಕು. ಮನೆಗೆ ಒಯ್ದು ಓದುತ್ತೇವೆ ಎಂದರೂ ತಪ್ಪಿಲ್ಲ.

ನಮ್ಮ ಆ ಹಿರಿಯರು ಮರುವಾರ ಹೋಗಿ ಈ ಪ್ರಶ್ನೆಗಳನ್ನು ಕೇಳಿದರು. ನರ್ಸ್ ತಾಳ್ಮೆಯಿಂದ ಉತ್ತರಿಸಿದರಂತೆ. ಅವರು ಸಹಿ ಹಾಕಿದರು. ಅವರ ಜೊತೆಗೇ ಕಾಗದ ಪಡೆದಿದ್ದ ಅವರ ಸ್ನೇಹಿತರು ಬೇಡವೆಂದರು, ಅವರ ಔಷಧಿಯೂ ಮೊದಲಿನಂತೆಯೇ ಸಿಗುತ್ತಿದೆ. ಇಬ್ಬರೂ ತಿಳಿದೇ ನಿರ್ಧರಿಸಿದರು. ನಮಗೆ ಸಂತೋಷವಾದದ್ದು ಅದಕ್ಕೆ.

ಈ ಸಂಚಿಕೆಗೆ ನೀವು ಕೊಡುವ ಪ್ರತಿ ರಿಯಾಲ್ ಕಷ್ಟದಲ್ಲಿರುವ ನಮ್ಮವರ ಚಿಕಿತ್ಸೆಗೆ ಸೇರುತ್ತದೆ. ಅದರ ಜೊತೆಗೆ ಇನ್ನೊಂದು ದಾನವನ್ನೂ ಬೇಡುತ್ತೇವೆ, ಅದು ನಿಮ್ಮ ಅರ್ಧ ಗಂಟೆ. ಓದು ಬಾರದ, ಇಂಗ್ಲಿಷ್ ಅರಬ್ಬಿ ತಿಳಿಯದ ನಮ್ಮ ಬಂಧುವಿನ ಪಕ್ಕ ಕುಳಿತು ಆಸ್ಪತ್ರೆಯ ಕಾಗದವನ್ನು ಕನ್ನಡದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಓದಿ ಹೇಳಿ. ಅದಕ್ಕೆ ಖರ್ಚಿಲ್ಲ, ಆದರೆ ಅದರ ಬೆಲೆ ದೊಡ್ಡದು.

ಎಲ್ಲರಿಗೂ ಆರೋಗ್ಯ ಭಾಗ್ಯವಿರಲಿ.