ಹೊನ್ನೆಯ ತೂತು ಕಪ್ಪಾದರೆ

ಅಂಬ್ಲಿಗೊಳ

ಪ್ರೀತಿಯ ಮಗನಿಗೆ,

ಫೋಟೋ ನೋಡಿದೆ. ಸೊರಬದಲ್ಲಿ ನೀನೇ ನಿಂತು ಮಾಡಿದ ಮೊದಲ ಬಾಗಿಲುವಾಡ, ಅದೂ ಹೊನ್ನೆಯದು. ಎದೆ ತುಂಬಿ ಬಂತು. ಕೂಡಿಕೆ ಬಿಗಿಯಾಗಿದೆ. ಆದರೆ ಬಿದಿರಿನ ಕೀಲಿಗೆ ಕೊರೆದ ತೂತುಗಳ ಬಾಯಿ ಕಪ್ಪಾಗಿದೆ. ಮರ ಗಟ್ಟಿ, ಅದಕ್ಕೇ ಸುಟ್ಟಿತು ಅಂತ ಬರೆದಿದ್ದೀಯ. ಮರದ ಮೇಲೆ ತಪ್ಪು ಹೊರಿಸಬೇಡ ಮಗಾ.

ಹೋಮದಲ್ಲಿ ಅರಣಿ ಕಡೆಯುವುದನ್ನು ನೋಡಿದ್ದೀಯಲ್ಲ? ಮರ ಮರವನ್ನು ಉಜ್ಜಿ ಉಜ್ಜಿಯೇ ಬೆಂಕಿ ಹುಟ್ಟುತ್ತದೆ. ಮೊಂಡಾದ ಡ್ರಿಲ್ ಬಿಟ್ ತೂತಿನೊಳಗೆ ಮಾಡುವುದೂ ಅದನ್ನೇ. ಹೊಟ್ಟು ನೋಡು, ತಿಳಿಯುತ್ತದೆ. ಚಕ್ಕೆಚಕ್ಕೆಯಾಗಿ ಬಂದರೆ ಬಿಟ್ ಕೊಯ್ಯುತ್ತಿದೆ. ನುಣ್ಣನೆ ಹಿಟ್ಟು ಬಂದು ಸುಟ್ಟ ವಾಸನೆ ಎದ್ದರೆ ಬರೀ ಉಜ್ಜುತ್ತಿದೆ, ಅಲ್ಲಿಗೇ ನಿಲ್ಲಿಸು. ಸಾಗುವಾನಿಯಲ್ಲಂತೂ ಸಿಲಿಕಾ, ಅಂದರೆ ಮರಳಿನ ಅಂಶವೇ ಇದೆ. ಮೊನೆ ಬೇಗ ಸವೆಯುತ್ತದೆ. ನಿಮ್ಮ ಸೊರಬದಲ್ಲೇ ಗಂಧ ಕೆತ್ತುವ ಗುಡಿಗಾರರಿದ್ದಾರೆ. ಅವರು ಉಳಿ ಮಸೆಯುವಾಗ ಒಮ್ಮೆ ಹೋಗಿ ಕೂತು ನೋಡು.

ಇನ್ನು ವೇಗ. ಮಷೀನು ಒಂದೇ ಸಮ ತಿರುಗಿದರೂ 25 ಮಿ.ಮೀ. ಬಿಟ್ಟಿನ ಅಂಚು 6 ಮಿ.ಮೀ. ಬಿಟ್ಟಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಜೋರಾಗಿ ಓಡುತ್ತದೆ. ಬಿಟ್ ದಪ್ಪವಾದಷ್ಟೂ ಮಷೀನು ನಿಧಾನವಾಗಬೇಕು. ಗೇರ್ 1ಕ್ಕೆ ಹಾಕು. ಆದರೆ ವೇಗ ಇಳಿಸಿದೆ ಅಂತ ಒತ್ತುವುದನ್ನು ಕಡಿಮೆ ಮಾಡಬೇಡ. ಸುಡುತ್ತದೆಂದು ಹೆದರಿ ಹಗುರಕ್ಕೆ ಹಿಡಿದರೆ ಬಿಟ್ ಕಚ್ಚುವುದೇ ಇಲ್ಲ, ಇನ್ನಷ್ಟು ಸುಡುತ್ತದೆ. ಬೆರಳಗಲ ಇಳಿದ ಕೂಡಲೇ ತಿರುಗುತ್ತಿರುವ ಹಾಗೇ ಮೇಲೆತ್ತಿ ಹೊಟ್ಟು ಕೊಡವು. ಹೊಟ್ಟು ಗಿಡಿದುಕೊಂಡರೆ ಕಾವು ಒಳಗೇ ಉಳಿಯುತ್ತದೆ. ಉಲ್ಟಾ ಸ್ವಿಚ್ ಬಿದ್ದಿದ್ದರೂ ಬಿಟ್ ಕೊಯ್ಯದೆ ಬರೀ ಉಜ್ಜುತ್ತದೆ, ಅದನ್ನೂ ನೋಡಿಕೋ.

ಹಿಂಬದಿಗೆ ಸಿಗುರು ಏಳದಂತೆ ಒಂದು ಹಳೇ ಹಲಗೆ ಒತ್ತಿ ಹಿಡಿ. ಇಲ್ಲವೇ ಮೊನೆ ಆಚೆ ಇಣುಕಿದ್ದೇ ಮರ ತಿರುವಿ ಅತ್ತಲಿಂದ ಕೊರೆ.

ಕಪ್ಪು ಹೊರಗೆ ಕಾಣದಂತೆ ಪಾಲಿಶ್ ಹೊಡೆಯಬಹುದು ಅಂದಿದ್ದೀಯ. ಒಳಗೆ ಇದ್ದಿಲಿನ ಪದರ ಕೂತಿದೆಯಪ್ಪಾ. ಅಂಟು ಹಿಡಿಯುವುದು ಆ ಇದ್ದಿಲನ್ನು, ಮರವನ್ನಲ್ಲ. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಮರ ಉಬ್ಬಿ, ಬೇಸಿಗೆಗೆ ಕುಗ್ಗಿದಾಗ ಅಂಥ ಕೀಲು ಸಡಿಲವಾಗುತ್ತದೆ. 1 ಮಿ.ಮೀ. ದೊಡ್ಡದಾದ ಹೊಸ ಬಿಟ್ ತಗೊಂಡು ಆ ತೂತುಗಳನ್ನೆಲ್ಲ ಹಿಗ್ಗಿಸಿ ಕೊರೆ. ಕೀಲನ್ನೂ ಅಷ್ಟೇ ದಪ್ಪ ಕೆತ್ತು. ಬಾಗಿಲುವಾಡ ಮಾಡಿಸಿದ ಮನೆಯವರು ಅದನ್ನು ನಿಲ್ಲಿಸುವ ಮೊದಲೇ ಮುಗಿಸು.

ದೀಪಾವಳಿಗೆ ಬರುವಾಗ ಮೊಂಡಾದ ಬಿಟ್‌ಗಳನ್ನೆಲ್ಲ ತಾ, ಇಲ್ಲಿ ಕೂತು ಮಸೆಯೋಣ. ಮಾಮೂಲಿ ಉಕ್ಕಿನವು ನೀಲಿಗಟ್ಟಿದ್ದರೆ ಮಾತ್ರ ತರಬೇಡ, ಅವುಗಳ ಹದ ಹೋಗಿರುತ್ತದೆ.

ನಿನ್ನ ದೊಡ್ಡಪ್ಪ